ವಿಧಾನ ಆರಿಸುವ ಮುನ್ನ ಎರಡು ಪ್ರಶ್ನೆ
ವ್ಯಾಪಾರ ಸಲಹೆ: ಓದುಗರ ಪತ್ರ, ತಜ್ಞರ ಉತ್ತರ

ಈ ಸಲ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಪತ್ರಗಳನ್ನೇ ಎತ್ತಿಕೊಂಡಿದ್ದೇನೆ. ಅರಿಶಿನ, ಹೋಟೆಲು, ತರಕಾರಿ, ಬಟ್ಟೆ ಎಂದು ಕಸುಬು ಬೇರೆಬೇರೆಯಾದರೂ ಎಲ್ಲರೂ ಕೇಳಿರುವುದು ಒಂದೇ: ಮುಂದಿನ ಮೂರು–ಐದು ವರ್ಷಕ್ಕೆ ವ್ಯಾಪಾರದ ದಿಕ್ಕನ್ನು ಹೇಗೆ ತೀರ್ಮಾನಿಸಬೇಕು, ಅದಕ್ಕೆ ಯಾವ ವಿಧಾನ ಸರಿ?

ಎಲ್ಲರಿಗೂ ಹೊಂದುವ ಒಂದು ವಿಧಾನ ಇಲ್ಲ. ಆದರೆ ಆರಿಸಿಕೊಳ್ಳಲು ಎರಡು ಪ್ರಶ್ನೆ ನೆರವಿಗೆ ಬರುತ್ತವೆ. ಒಂದು, ಈ ತೀರ್ಮಾನ ತಪ್ಪಿದರೆ ಹೆಚ್ಚು ಕಳೆದುಕೊಳ್ಳದೆ ಹಿಂದಕ್ಕೆ ಬರಬಹುದೇ? ಎರಡು, ನಮಗೆ ಗೊತ್ತಿಲ್ಲದ್ದನ್ನು ನಾವೇ ಓಡಾಡಿ ತಿಳಿದುಕೊಳ್ಳಬಹುದೇ, ಇಲ್ಲಾ ಅದು ಕೋರ್ಟು, ಸರ್ಕಾರ, ಮಳೆಗಾಲದ ಕೈಯಲ್ಲಿದೆಯೇ? ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಎರಡರಿಂದಲೇ ಹೊರಟಿವೆ.

ಪ್ರಶ್ನೆ 1: ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿದರೆ ಸಾಕೇ?

ನಮ್ಮದು ಸಂತೇಮರಹಳ್ಳಿ ಹತ್ತಿರದ ಊರು. ನಾಲ್ಕು ಎಕರೆ ಅರಿಶಿನ ಇದೆ. ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಸಿ ಅಪ್ಪ ಈರೋಡಿಗೆ ಹಾಕುತ್ತಾರೆ. ಅಲ್ಲಿ ಹೇಳಿದ್ದೇ ರೇಟು. ನಾನು ಬಿ.ಕಾಂ. ಮುಗಿಸಿದ್ದೇನೆ, ಪುಡಿ ಮಾಡಿ ಪ್ಯಾಕೆಟ್ ಮಾರಬೇಕೆಂದಿದ್ದೇನೆ. ಮೈಸೂರಿನಲ್ಲಿ ಕನ್ಸಲ್ಟೆಂಟ್ ಹತ್ತಿರ ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿದರೆ ಪೂರ್ತಿ ಪ್ಲಾನ್ ಅದರಲ್ಲೇ ಇರುತ್ತದೆ ಎಂದು ಅಣ್ಣ ಹೇಳುತ್ತಾನೆ. ನಿಜವೇ?
— ಅರಿಶಿನ ಬೆಳೆಗಾರರ ಮಗಳು, ಚಾಮರಾಜನಗರ ತಾಲ್ಲೂಕು

ಉತ್ತರ: ರಿಪೋರ್ಟ್ ಬೇಕಾಗುತ್ತದಮ್ಮ, ಆದರೆ ಅದು ಬ್ಯಾಂಕಿಗೆ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಸಹಾಯಧನ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಅದು ಸಾಲದ ಜೊತೆಗೇ ಬರುವುದರಿಂದ ರಿಪೋರ್ಟ್ ಇಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ. ಆದರೆ ಮೆಷಿನ್ ಬೆಲೆ ಇಷ್ಟು, ಕಂತು ಇಷ್ಟು ಎಂದು ಹೇಳುವ ಆ ಕಾಗದ, ನಿಮ್ಮ ಪುಡಿಯನ್ನು ಯಾರು, ಯಾಕೆ ಎರಡನೇ ಸಲ ಕೊಳ್ಳುತ್ತಾರೆ ಎಂಬುದನ್ನು ಹೇಳುವುದಿಲ್ಲ. ಆ ಉತ್ತರ ಸಿಕ್ಕಮೇಲೆ ರಿಪೋರ್ಟ್ ಮಾಡಿಸಿ. ಆಗ ಕನ್ಸಲ್ಟೆಂಟ್ ಕೈಗೆ ಅಂಕಿ ಕೊಡುವವರು ನೀವಾಗಿರುತ್ತೀರಿ.

ಮೊದಲು ನನ್ನ ಎರಡು ಪ್ರಶ್ನೆ ಹಾಕಿ ನೋಡೋಣ. ಶೆಡ್ಡು, ಮೆಷಿನ್ನು, ಜಮೀನಿನ ಮೇಲೆ ಸಾಲ ಎಂದರೆ ಹಿಂದಕ್ಕೆ ಬರುವುದು ಕಷ್ಟ. ಗೊತ್ತಿಲ್ಲದಿರುವುದು ಮಾತ್ರ ನೀವೇ ತಿಳಿದುಕೊಳ್ಳಬಹುದಾದದ್ದು. ಇಂಥ ಸಂದರ್ಭಕ್ಕೆಂದೇ ರೀಟಾ ಮೆಕ್‌ಗ್ರಾತ್ ಮತ್ತು ಇಯಾನ್ ಮ್ಯಾಕ್‌ಮಿಲನ್ ಎಂಬ ಅಧ್ಯಾಪಕರು 1995ರಲ್ಲಿ ಒಂದು ಕ್ರಮ ಹೇಳಿದರು. ವರ್ಷಕ್ಕೆ ಎಷ್ಟು ಲಾಭ ಉಳಿದರೆ ಈ ಕೆಲಸ ಮಾಡಬಹುದು ಎಂಬುದನ್ನು ಮೊದಲು ಬರೆಯಬೇಕು. ಅಷ್ಟು ಉಳಿಯಬೇಕಾದರೆ ಏನೇನು ನಿಜವಾಗಿರಬೇಕು ಎಂದು ಪಟ್ಟಿ ಮಾಡಬೇಕು. ಅದರಲ್ಲಿ ಯಾವುದು ಬರೀ ಊಹೆಯೋ ಅದನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಮಾಡಿ, ಆಮೇಲೆ ದೊಡ್ಡ ದುಡ್ಡು ಹಾಕಬೇಕು.

ನಿಮ್ಮ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಾಲನ್ನು ನಾನೇ ಸೇರಿಸುತ್ತೇನೆ. ತಿಂಗಳಿಗೆ 500 ಕೆ.ಜಿ. ಪುಡಿ ಮಾರುತ್ತೀರಿ ಎಂದುಕೊಳ್ಳಿ. ಪಾಲಿಶ್ ಮತ್ತು ಪುಡಿಯ ನಷ್ಟ ಬಿಟ್ಟರೂ ವರ್ಷಕ್ಕೆ 60 ಕ್ವಿಂಟಾಲ್ ಒಣ ಅರಿಶಿನ ಬೇಕು. ನೂರು ಕೆ.ಜಿ. ಹಸಿ ಗೆಡ್ಡೆಗೆ ಸುಮಾರು 20 ಕೆ.ಜಿ. ಒಣದು ಸಿಗುತ್ತದೆ, ಅಂದರೆ 30 ಟನ್ ಹಸಿ. ಬೆಳೆ ಕೈಗೆ ಬರುವುದು ವರ್ಷದ ಮೊದಲ ಮೂರು–ನಾಲ್ಕು ತಿಂಗಳಲ್ಲಿ, ಪುಡಿ ಮಾರುವುದು ಹನ್ನೆರಡು ತಿಂಗಳು. ಲೆಕ್ಕಕ್ಕೆಂದು ಕ್ವಿಂಟಾಲಿಗೆ 12,000 ರೂಪಾಯಿ ಹಿಡಿದರೆ 7 ಲಕ್ಷ 20 ಸಾವಿರದ ಸರಕನ್ನು ಮಾರ್ಚ್ ಹೊತ್ತಿಗೆ ಕೂಡಿಹಾಕಬೇಕು. ರಿಪೋರ್ಟಿನಲ್ಲಿ ಎರಡು ತಿಂಗಳ ಸರಕಿಗೆ ಮಾತ್ರ ದುಡಿಯುವ ಬಂಡವಾಳ ತೋರಿಸಿದ್ದರೆ ಅದು 1 ಲಕ್ಷ 20 ಸಾವಿರ. ಉಳಿದ 6 ಲಕ್ಷ ಎಲ್ಲಿಂದ ಬರುತ್ತದೆ? ಅಪ್ಪ ಈರೋಡಿಗೆ ಹಾಕಿ ಒಂದೇ ಸಲ ಕೈಗೆ ತೆಗೆದುಕೊಳ್ಳುತ್ತಿದ್ದ ದುಡ್ಡು ಇನ್ನು ಮುಂದೆ ತಿಂಗಳುತಿಂಗಳಾಗಿ ಬರುತ್ತದೆ. ಮನೆಯ ಖರ್ಚು, ಮುಂದಿನ ಬಿತ್ತನೆ ಅದನ್ನು ತಡೆದುಕೊಳ್ಳುತ್ತವೆಯೇ? ಈ ಮಾತನ್ನು ಮೆಷಿನ್ ನೋಡಲು ಹೋಗುವ ಮೊದಲು ಅಪ್ಪನ ಜೊತೆ ಕೂತು ಆಡಿ.

ಪರೀಕ್ಷೆ ಹೀಗಿರಲಿ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಎರಡು ಕ್ವಿಂಟಾಲನ್ನು ಬೇರೆಯವರ ಮಿಲ್ಲಿನಲ್ಲಿ ಕೂಲಿಗೆ ಪುಡಿ ಮಾಡಿಸಿ. ಗುಣಮಟ್ಟದ ಪರೀಕ್ಷೆಗೆ ಮೈಸೂರಿನ ಸಿಎಫ್‌ಟಿಆರ್‌ಐ ಹತ್ತಿರದಲ್ಲೇ ಇದೆ. ಚಾಮರಾಜನಗರ, ನಂಜನಗೂಡು, ಮೈಸೂರಿನ ಅಂಗಡಿಗಳಿಗೆ ಪ್ಯಾಕೆಟ್ ಕೊಡಿ. ಮೊದಲನೇ ಆರ್ಡರು ಪರಿಚಯಕ್ಕೋ ಸಂಕೋಚಕ್ಕೋ ಬರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಂಗಡಿಯವರು ತಾವಾಗಿ ಫೋನ್ ಮಾಡಿ ಎರಡನೇ ಸಲ ಕೇಳಿದ್ದು ಎಷ್ಟು, ದುಡ್ಡು ಎಷ್ಟು ದಿನಕ್ಕೆ ಬಂತು ಎಂಬುದನ್ನು ಬರೆದಿಡಿ. ಪರೀಕ್ಷೆ ಸೋತರೆ ಉಳಿದ ಅರಿಶಿನಕ್ಕೆ ಈರೋಡು ಇದ್ದೇ ಇದೆ.

ಇದು ನಮ್ಮ ನಾಡಿಗೆ ಹೊಸ ದಾರಿಯೇನಲ್ಲ. 1914ರಲ್ಲಿ ಮಹಾಯುದ್ಧ ಶುರುವಾಗಿ ಮೈಸೂರಿನ ಶ್ರೀಗಂಧಕ್ಕೆ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಎಣ್ಣೆಯನ್ನು ಇಲ್ಲೇ ತೆಗೆಯಬಹುದೇ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಮೊದಲು ಸಣ್ಣ ಪ್ರಮಾಣದಲ್ಲಿ ಮಾಡಿ ತೋರಿಸಿದರು. ಆಮೇಲೆ 1916ರಲ್ಲಿ ಸಂಸ್ಥಾನ ಕಾರ್ಖಾನೆಗೆ ಕೈಹಾಕಿತು. ಮೈಸೂರು ಸ್ಯಾಂಡಲ್ ಸೋಪು ಬಂದದ್ದು ಅದೇ ದಾರಿಯಲ್ಲಿ. ಒಂದು ಸಂಸ್ಥಾನವೇ ಕೈಯಳತೆಯಲ್ಲಿ ಪರೀಕ್ಷಿಸಿ ದುಡ್ಡು ಹಾಕಿದೆ ಎಂದಮೇಲೆ ನಾಲ್ಕು ಎಕರೆಯವರು ಅವಸರ ಮಾಡಬೇಕಿಲ್ಲ.

ಪ್ರಶ್ನೆ 2: ನಾಳೆ ರಸ್ತೆ ಏನಾಗುತ್ತದೋ ಗೊತ್ತಿಲ್ಲ, ಪ್ಲಾನ್ ಹೇಗೆ?

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಪಕ್ಕ ನಮ್ಮ ಸಸ್ಯಾಹಾರಿ ಹೋಟೆಲ್ ಇದೆ. ಚೆಂಡು ಹೂ, ಸೂರ್ಯಕಾಂತಿ ಅರಳುವ ಜುಲೈ–ಆಗಸ್ಟಿನಲ್ಲಿ ಕೇರಳದವರಿಂದ ಕಾಲಿಡಲು ಜಾಗ ಇರುವುದಿಲ್ಲ. ಸಾಲ ತೆಗೆದು ಬಂಡೀಪುರದ ಕಡೆ 20 ರೂಮಿನ ಲಾಡ್ಜ್ ಕಟ್ಟೋಣ ಎಂದು ಮಗ ಹೇಳುತ್ತಾನೆ. ರಾತ್ರಿ ಸಂಚಾರ ನಿಷೇಧ ತೆಗೆಯುತ್ತಾರೋ ಬಿಗಿ ಮಾಡುತ್ತಾರೋ ಎಂದು ನನಗೆ ಭಯ. ಇಂಥ ಕಡೆ ಐದು ವರ್ಷದ ಪ್ಲಾನ್ ಮಾಡುವುದು ಹೇಗೆ?
— ಹೋಟೆಲ್ ಮಾಲೀಕರು, ಗುಂಡ್ಲುಪೇಟೆ

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ. ನಿಮ್ಮ ಗಲ್ಲಾಪೆಟ್ಟಿಗೆ ತುಂಬುವುದು, ಬರಿದಾಗುವುದು ಎರಡನ್ನೂ ಬೇರೆಯವರು ನಿರ್ಧರಿಸುತ್ತಾರೆ. ಬಂಡೀಪುರ ಕಾಡಿನೊಳಗಿನ ಹೆದ್ದಾರಿಗೆ 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅಂದಿನಿಂದ ರಾತ್ರಿ 9ಕ್ಕೆ ಮದ್ದೂರು, ಮೇಲುಕಾಮನಹಳ್ಳಿ ಗೇಟುಗಳು ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹಗಲು ಸಂಚಾರವನ್ನೂ ನಿಲ್ಲಿಸುವ ಮಾತು ಎದ್ದು ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ದೊಡ್ಡ ಚಳವಳಿ ಆಯಿತು. 2024ರ ಮೇ ತಿಂಗಳಲ್ಲಿ ಊಟಿಗೆ ಇ-ಪಾಸ್ ಬಂತು. ಅದೇ ವರ್ಷದ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು, ಅಲ್ಲಿಯ ಪ್ರವಾಸೋದ್ಯಮವೇ ಕೆಲಕಾಲ ನಿಂತುಹೋಯಿತು. ಇವು ಯಾವುವೂ ನಿಮ್ಮ ಕೈಯಲ್ಲಿರಲಿಲ್ಲ.

ಹಾಗಾಗಿ ಅರಿಶಿನದ ಹುಡುಗಿಗೆ ಹೇಳಿದ ವಿಧಾನ ನಿಮಗೆ ಹೊಂದುವುದಿಲ್ಲ. ಕೋರ್ಟಿನ ತೀರ್ಪನ್ನು ಎರಡು ಕ್ವಿಂಟಾಲ್ ಮಾರಿ ಪರೀಕ್ಷಿಸಲಾಗದು. ನಿಮಗೆ ಬೇಕಾದ್ದು ಹಲವು ನಾಳೆಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡುವ ಕ್ರಮ. ಶೆಲ್ ತೈಲ ಕಂಪನಿಯಲ್ಲಿ ಪಿಯೆರ್ ವಾಕ್ ಎಂಬವರು 1970ರ ದಶಕದ ಮೊದಲಲ್ಲಿ ಇದನ್ನು ಬೆಳೆಸಿದರು. ಎಣ್ಣೆ ಬೆಲೆ ಹೀಗೇ ಇರುತ್ತದೆ ಎಂದು ಎಲ್ಲರೂ ನಂಬಿದ್ದಾಗ, ಇರದಿದ್ದರೆ ಏನು ಮಾಡುತ್ತೇವೆ ಎಂದು ಆ ಕಂಪನಿಯವರು ಮುಂಚೆಯೇ ಕೂತು ಮಾತಾಡಿದ್ದರು. 1973ರಲ್ಲಿ ಬೆಲೆ ಸಿಡಿದಾಗ ಆ ಮಾತು ಕೆಲಸಕ್ಕೆ ಬಂತು.

ನಿಮ್ಮ ಹಾಳೆಯಲ್ಲಿ ನಾಲ್ಕು ನಾಳೆಗಳಿರಲಿ: ನಿಷೇಧ ಈಗಿನಂತೆಯೇ ಮುಂದುವರಿಯುವುದು, ಹಗಲಿಗೂ ಬಿಗಿಯಾಗುವುದು, ಸಡಿಲವಾಗುವುದು, ರಸ್ತೆ ತೆರೆದಿದ್ದರೂ ಮಳೆ ಅಥವಾ ರೋಗದಿಂದ ಒಂದು ಸೀಸನ್ ಪೂರ್ತಿ ಹೋಗುವುದು. ಅಡ್ಡಸಾಲಿನಲ್ಲಿ ನಿಮ್ಮ ಮುಂದಿರುವ ಆಯ್ಕೆಗಳನ್ನು ಬರೆಯಿರಿ: 20 ರೂಮಿನ ಲಾಡ್ಜ್, ಇರುವ ಹೋಟೆಲಿಗೆ ದೊಡ್ಡ ಪಾರ್ಕಿಂಗ್ ಮತ್ತು ಚೊಕ್ಕ ಶೌಚಾಲಯ, ಹೂವಿನ ಸೀಸನ್ನಿಗೆ ಮಾತ್ರ ಹೊಲದ ಪಕ್ಕ ಬಾಡಿಗೆ ಜಾಗದಲ್ಲಿ ತಿಂಡಿ ಮಳಿಗೆ. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಕೇಳಿ: ಈ ನಾಳೆ ಬಂದರೆ ಈ ಆಯ್ಕೆ ಕಂತು ಕಟ್ಟುತ್ತದೆಯೇ?

ಇಲ್ಲಿ ಒಂದು ಸೂಕ್ಷ್ಮ ಇದೆ. ನಿಷೇಧ ನಿಮ್ಮಿಂದ ರಾತ್ರಿಯ ಗಿರಾಕಿಯನ್ನು ಕಿತ್ತುಕೊಂಡಿದೆ ಎಂದಷ್ಟೇ ಅನ್ನಿಸಬಹುದು. ಆದರೆ 9ರ ಗೇಟು ತಪ್ಪಿಸಿಕೊಂಡ ಲಾರಿಯವರು, ಕಾರಿನವರು ರಾತ್ರಿ ಕಳೆಯುವುದು ನಿಮ್ಮ ಊರಿನಲ್ಲೇ. ನಿಷೇಧ ಸಡಿಲವಾದರೆ ಅವರು ನೇರ ಹೊರಟುಹೋಗುತ್ತಾರೆ, ಲಾಡ್ಜ್‌ಗೆ ಅದೇ ಹೊಡೆತ. ಹಗಲಿಗೂ ಬಿಗಿಯಾದರೆ ಬರುವವರೇ ಇಲ್ಲ. ಅಂದರೆ ನಿಷೇಧ ಯಾವ ಕಡೆಗೆ ಬದಲಾದರೂ ಲಾಡ್ಜ್‌ಗೆ ಪೆಟ್ಟು. ಪಾರ್ಕಿಂಗ್, ಶೌಚಾಲಯದ ಖರ್ಚು ಮೂರು ನಾಳೆಗಳಲ್ಲಾದರೂ ದುಡಿಯುತ್ತದೆ.

ಮಗನ ಮಾತನ್ನು ಹಾಗೆಂದು ತಳ್ಳಿಹಾಕಬೇಡಿ. ಅವರಿಗೆ ಒಂದು ಕೆಲಸ ಕೊಡಿ. ಒಂದು ತಿಂಗಳು ಪ್ರತಿ ಬಿಲ್ಲಿನ ಮೂಲೆಯಲ್ಲಿ ಗಾಡಿಯ ನಂಬರ್ ಪ್ಲೇಟ್ ಕೆಎಲ್, ಕೆಎ, ಟಿಎನ್ ಯಾವುದೆಂದು ಬರೆಸಲಿ. ಸೀಸನ್ ಇಲ್ಲದ ತಿಂಗಳಲ್ಲೂ ಹಾಗೇ ಮಾಡಿಸಲಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಬರುವ ಮೈಸೂರು, ಬೆಂಗಳೂರಿನವರು ಎಷ್ಟು, ಗಡಿ ದಾಟುವವರು ಎಷ್ಟು ಎಂದು ಆಗ ತಿಳಿಯುತ್ತದೆ. ಕೆಎ ಗಾಡಿಗಳೇ ಅರ್ಧಕ್ಕಿಂತ ಹೆಚ್ಚಿದ್ದರೆ ರೂಮಿನ ಯೋಚನೆಗೆ ಜೀವ ಇದೆ. ಆಗಲೂ ಮೊದಲು ಕೆಲವು ರೂಮುಗಳನ್ನು ಭೋಗ್ಯಕ್ಕೋ ಬಾಡಿಗೆಗೋ ಹಿಡಿದು ನಡೆಸಿ ನೋಡಿ. ಬಂಡೀಪುರದ ಸುತ್ತ 2012ರಿಂದ ಪರಿಸರ ಸೂಕ್ಷ್ಮ ವಲಯ ಇದೆ. ಜಾಗ ಅದರೊಳಗೆ ಬರುತ್ತದೆಯೇ ಎಂದು ಅರಣ್ಯ ಇಲಾಖೆಯಿಂದ ಬರಹದಲ್ಲಿ ತಿಳಿದುಕೊಳ್ಳದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಪ್ರಶ್ನೆ 3: ಹತ್ತು ನಿರ್ದೇಶಕರು, ಹತ್ತು ದಾರಿ

ನಮ್ಮದು ತೆರಕಣಾಂಬಿ ಭಾಗದ ರೈತ ಉತ್ಪಾದಕ ಕಂಪನಿ. ಟೊಮೆಟೊ, ಕೋಸು, ಬೀನ್ಸ್, ಸಣ್ಣ ಈರುಳ್ಳಿ ಬೆಳೆಯುತ್ತೇವೆ. ಒಬ್ಬರು ಗೊಬ್ಬರದ ಅಂಗಡಿ ಎನ್ನುತ್ತಾರೆ, ಒಬ್ಬರು ಕೋಲ್ಡ್ ಸ್ಟೋರೇಜ್, ಮತ್ತೊಬ್ಬರು ನೇರ ಕೋಯಿಕ್ಕೋಡಿಗೆ ಲಾರಿ. ಮೀಟಿಂಗಿನಲ್ಲಿ ಗಟ್ಟಿ ದನಿಯವರದ್ದೇ ನಡೆಯುತ್ತದೆ. ಐದು ವರ್ಷದ ಬಿಸಿನೆಸ್ ಪ್ಲಾನ್ ಒಂದನ್ನು ಬರೆಸಿದ್ದೆವು, ಅದು ಬೀರುವಿನಲ್ಲಿದೆ. ಏನು ಮಾಡುವುದು?
— ನಿರ್ದೇಶಕರೊಬ್ಬರು, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ಹೊರಗಿನವರು ಬರೆದ ಪ್ಲಾನನ್ನು ಬೀರುವಿನಿಂದ ತೆಗೆಯಲು ನಿಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ, ಯಾಕೆಂದರೆ ಅದರಲ್ಲಿ ನಿಮ್ಮ ಜಗಳ ಇರಲಿಲ್ಲ. ಉತ್ಪಾದಕ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ, ಸದಸ್ಯರಿಗೆ ಒಂದೇ ಮತ. ಇಂಥ ಕಡೆ ತೀರ್ಮಾನ ಎಷ್ಟು ಚೆನ್ನಾಗಿದೆ ಎನ್ನುವಷ್ಟೇ ಮುಖ್ಯ, ಅದನ್ನು ಎಷ್ಟು ಜನ ತಮ್ಮದೆಂದುಕೊಂಡಿದ್ದಾರೆ ಎಂಬುದು.

ಮುಂದಿನ ಮೀಟಿಂಗನ್ನು ಹೀಗೆ ನಡೆಸಿ. ಮಾತು ಶುರುವಾಗುವ ಮೊದಲು ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೆಸರು ಹಾಕದೆ ಎರಡು ಉತ್ತರ ಬರೆಯಲಿ: ಕಳೆದ ಸಲ ನನ್ನ ಮಾಲನ್ನು ಕಂಪನಿಗೆ ಕೊಡದೆ ಮಂಡಿಗೆ ಹಾಕಿದ್ದು ಯಾಕೆ? ಕಂಪನಿ ಒಂದೇ ಒಂದು ಕೆಲಸ ಮಾಡುವುದಾದರೆ ಯಾವುದು? ಅಧ್ಯಕ್ಷರು ಚೀಟಿಗಳನ್ನು ಓದಿ ಹೇಳಲಿ, ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಲಿ. ಗಟ್ಟಿ ದನಿ ಮತ್ತು ಮೆತ್ತಗಿನ ದನಿ ಚೀಟಿಯಲ್ಲಿ ಒಂದೇ ಅಳತೆಗೆ ಬರುತ್ತವೆ.

ಮೊದಲನೇ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ನಿಮ್ಮ ಇಡೀ ತಂತ್ರ ಅಡಗಿರುತ್ತದೆ. ಮಂಡಿಯವರು ಬಿತ್ತನೆಗೆ, ಮನೆಯ ಕಷ್ಟಕ್ಕೆ ಮುಂಗಡ ಕೊಟ್ಟಿರುತ್ತಾರೆ, ಆದ್ದರಿಂದ ಮಾಲು ಅವರಿಗೇ ಹೋಗಬೇಕು. ಇದೇ ಕಾರಣವಾಗಿದ್ದರೆ ಕಂಪನಿ ಕೆ.ಜಿ.ಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ, ಕೋಲ್ಡ್ ಸ್ಟೋರೇಜ್ ಕಟ್ಟಿದರೂ ಮಾಲು ಬರುವುದಿಲ್ಲ. ತೂಕ ಹಾಕಿದ ದಿನವೇ ದುಡ್ಡು ಸಿಗುವುದು, ಬಿತ್ತನೆ ಕಾಲದಲ್ಲಿ ಬೀಜ, ಗೊಬ್ಬರ ಸಾಲಕ್ಕೆ ಸಿಗುವುದು, ಇವೆರಡಕ್ಕೆ ಉತ್ತರ ಹುಡುಕುವುದೇ ಮೊದಲ ಕೆಲಸ. ನಿಮ್ಮ ಊರಿನ ಹಾಲಿನ ಡೇರಿಯನ್ನೇ ನೋಡಿ. ಹಾಲು ಹಾಕುವವರು ಡೇರಿ ತಪ್ಪಿಸದಿರುವುದಕ್ಕೆ ಕಾರಣ ಬರೀ ರೇಟಲ್ಲ. ದಿನಕ್ಕೆ ಎರಡು ಸಲ ಹಾಲು ತೆಗೆದುಕೊಳ್ಳುತ್ತಾರೆ, ಕೊಬ್ಬು ಮತ್ತು ಕೊಬ್ಬಿನ ಹೊರತಾದ ಘನಾಂಶ (ಎಸ್‌ಎನ್‌ಎಫ್) ಕಣ್ಣೆದುರು ಅಳೆಯುತ್ತಾರೆ, ಹೇಳಿದ ದಿನ ಬಟವಾಡೆ ಮಾಡುತ್ತಾರೆ.

ಒಂದು ಕೆಲಸ ಆರಿಸಿಕೊಂಡ ಮೇಲೆ, ಠರಾವು ಬರೆಯುವ ಮೊದಲು, ಇನ್ನೊಂದು ಸುತ್ತು ಚೀಟಿ ಹಂಚಿ. ‘ಎರಡು ವರ್ಷ ಕಳೆದಿದೆ, ಈ ಕೆಲಸ ಪೂರ್ತಿ ಸೋತಿದೆ. ಯಾಕೆ ಸೋತಿತು?’ ಎಂದು ಎಲ್ಲರೂ ಬರೆಯಲಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಪ್ರಚಾರಕ್ಕೆ ತಂದ ಕ್ರಮ ಇದು. ‘ಇದು ಸೋಲುತ್ತದೆ’ ಎಂದು ಎದ್ದು ಹೇಳಿದರೆ ಅಪಶಕುನ ನುಡಿದರು ಎನ್ನುತ್ತಾರೆ. ಸೋತಾಗಿದೆ ಎಂದೇ ಶುರು ಮಾಡಿದರೆ ಲಾರಿ ಬಾಡಿಗೆ, ಕೊಳೆತ ಮಾಲು, ಬಾಕಿ ಉಳಿಸಿಕೊಂಡ ಸ್ವಂತ ನೆಂಟರು, ಎಲ್ಲವೂ ನಿರ್ಭಯವಾಗಿ ಹೊರಬರುತ್ತದೆ.

ಹೀಗೆ ಬಂದದ್ದನ್ನು ಒಂದು ಬೆಳೆ ಅವಧಿಗೆ ಮಾತ್ರ ಜಾರಿ ಮಾಡಿ. ಯಾವ ಮಟ್ಟಕ್ಕೆ ನಷ್ಟ ಬಂದರೆ ನಿಲ್ಲಿಸುತ್ತೇವೆ ಎಂಬುದನ್ನೂ ಠರಾವಿನಲ್ಲೇ ಬರೆಯಿರಿ. ನಿಮ್ಮ ಕಂಪನಿ ರೈತ ಉತ್ಪಾದಕ ಸಂಸ್ಥೆಗಳಿಗೆಂದೇ 2020ರಲ್ಲಿ ಬಂದ ಕೇಂದ್ರ ಯೋಜನೆಯಡಿ ಆದದ್ದಾದರೆ ಇನ್ನೊಂದು ಗಡುವು ಇದೆ. ಆಡಳಿತ ವೆಚ್ಚಕ್ಕೆ ಸಿಗುವ 18 ಲಕ್ಷದವರೆಗಿನ ನೆರವು ಮೂರು ವರ್ಷಕ್ಕೆ ಮಾತ್ರ. ನಾಲ್ಕನೇ ವರ್ಷ ಸಿಇಒ ಸಂಬಳ ಯಾವ ಆದಾಯದಿಂದ ಎಂಬ ಪ್ರಶ್ನೆಗೆ ಉತ್ತರ ಕೊಡದ ಪ್ಲಾನ್‌ಗೆ ಯಾರೂ ಸಹಿ ಹಾಕಬೇಡಿ.

ಪ್ರಶ್ನೆ 4: ನಾಲ್ಕು ಮನೆ ತುಂಬಿದೆ, ಮುಂದೇನು?

ಚಾಮರಾಜನಗರದ ದೊಡ್ಡಂಗಡಿ ಬೀದಿ ಕಡೆ ನಮ್ಮ ಜವಳಿ ಅಂಗಡಿ. ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದೇನೆ. ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಂದು ಸ್ವಾಟ್ ಚಾರ್ಟ್ ಮಾಡಿ ಅಪ್ಪಾಜಿಗೆ ತೋರಿಸಿದೆ. ‘ಇದೆಲ್ಲ ನಂಗೆ ಗೊತ್ತಿರೋದೇ, ಈಗ ಏನ್ ಮಾಡ್ಬೇಕು ಹೇಳು’ ಅಂದರು. ನನಗೆ ಹೇಳಲಾಗಲಿಲ್ಲ.
— ಜವಳಿ ವ್ಯಾಪಾರಿಯ ಮಗ, ಚಾಮರಾಜನಗರ

ಉತ್ತರ: ಅಪ್ಪಾಜಿ ಸರಿಯಾದ ಪ್ರಶ್ನೆ ಕೇಳಿದ್ದಾರೆ. ಸ್ವಾಟ್ ಇರುವುದನ್ನು ವಿಂಗಡಿಸುತ್ತದೆ, ಯಾವುದನ್ನು ಬಿಡಬೇಕು ಎಂದು ಹೇಳುವುದಿಲ್ಲ. ಏನನ್ನಾದರೂ ಬಿಡದೆ ತಂತ್ರ ಹುಟ್ಟುವುದಿಲ್ಲ. ನಿಮ್ಮ ಸರಕು ಸಣ್ಣಸಣ್ಣ ಖರೀದಿಯದ್ದು, ತಪ್ಪಿದರೆ ತಿದ್ದಿಕೊಳ್ಳಬಹುದು. ತಿಳಿಯಬೇಕಾದ್ದೂ ಅಂಗಡಿಯೊಳಗೇ ಇದೆ. ಹಾಗಾಗಿ ದೊಡ್ಡ ವಿಧಾನ ಬೇಡ, ಖಾತೆ ಪುಸ್ತಕ ಸಾಕು.

ಮೂರು ವರ್ಷದ ಪುಸ್ತಕ ಇಟ್ಟುಕೊಂಡು ಅಪ್ಪಾಜಿಯ ಪಕ್ಕ ಕೂರಿ. ಅತಿ ಹೆಚ್ಚು ಕೊಂಡ ಮನೆತನಗಳು ಯಾವುವು, ಯಾವ ತಿಂಗಳಲ್ಲಿ, ಏನು ಕೊಂಡರು? ಬರುವುದನ್ನು ನಿಲ್ಲಿಸಿದವರು ಯಾರು? ಒಂದೊಂದು ಹೆಸರಿನ ಹಿಂದಿನ ಕತೆ ಅವರಿಗೆ ಗೊತ್ತು: ಮಗಳ ಮದುವೆ ಆಯಿತು, ಮೈಸೂರಿಗೆ ಹೋದರು, ಬಾಕಿ ಕೇಳಿದ್ದಕ್ಕೆ ಮುನಿಸಿಕೊಂಡರು. ಅವರು ಹೇಳಲಿ, ನೀವು ಬರೆದುಕೊಳ್ಳಿ. ವರ್ಷಗಟ್ಟಲೆ ಕಪಾಟಿನಲ್ಲೇ ಕೂತ ಸರಕು ಯಾವುದೆಂದೂ ಆಗ ಗೊತ್ತಾಗುತ್ತದೆ. ಮೊದಲು ಬಿಡಬೇಕಾದ್ದು ಅದನ್ನೇ.

ಒಂದೇ ಸೀಸನ್ನಿನ ಮೇಲೆ ಎಷ್ಟು ಭಾರ ಹಾಕಿದ್ದೀರಿ ಎಂಬುದನ್ನೂ ನೋಡಿ. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹೊಸ ಜೋಡಿಗಳು ಬರುವುದು ನಿಮ್ಮ ಊರಿನ ವಿಶೇಷ. ಆದರೆ 2017ರಲ್ಲಿ ತೇರಿಗೆ ಬೆಂಕಿ ಬಿದ್ದ ಮೇಲೆ ಹೊಸ ತೇರು ಎಳೆದದ್ದು 2022ರಲ್ಲಿ. ಆ ವರ್ಷಗಳ ಆಷಾಢದ ಮಾರಾಟ ಎಷ್ಟಿತ್ತು, ಅಂಗಡಿ ಹೇಗೆ ನಿಂತಿತು ಎಂದು ಅಪ್ಪಾಜಿಯನ್ನು ಕೇಳಿ. ನಿಮ್ಮ ಚಾರ್ಟಿನ ‘ಬಲ’ ಎಂಬ ಮನೆಯಲ್ಲಿ ಏನು ಬರೆಯಬೇಕೆಂದು ಅವರ ಉತ್ತರದಲ್ಲೇ ಸಿಗುತ್ತದೆ.

ಪ್ರಶ್ನೆ 5: ಪ್ಲಾನ್ ಬದಲಾಗುತ್ತಲೇ ಇದ್ದರೆ ಬರೆಯುವುದು ಯಾಕೆ?

— ಸಣ್ಣ ಉದ್ದಿಮೆದಾರರು, ಚಾಮರಾಜನಗರ

ಉತ್ತರ: ಬದಲಾವಣೆ ಕಣ್ಣಿಗೆ ಬೀಳಲಿ ಎಂದೇ ಬರೆಯುವುದು. ಕೆನಡಾದ ಹೆನ್ರಿ ಮಿಂಟ್ಸ್‌ಬರ್ಗ್ ಹೇಳಿದ ಮಾತೊಂದು ಸಣ್ಣ ವ್ಯಾಪಾರಕ್ಕೆ ಚೆನ್ನಾಗಿ ಒಪ್ಪುತ್ತದೆ: ಮೊದಲೇ ಯೋಚಿಸಿ ಹೂಡಿದ ತಂತ್ರ ಒಂದು, ಕೆಲಸ ಮಾಡುತ್ತಾ ಮಾಡುತ್ತಾ ಮೂಡಿಬರುವ ತಂತ್ರ ಇನ್ನೊಂದು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್ ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ರವೆಯಲ್ಲಿ ಇಡ್ಲಿ ಮಾಡಿತು. 1975ರ ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಗೆ ಕಟ್ಟು ಬಿದ್ದು ಹೋಟೆಲ್ ನಡೆಸುವುದು ಕಷ್ಟವಾದಾಗ ಸಿದ್ಧ ಮಿಶ್ರಣಗಳ ಕಡೆ ತಿರುಗಿತು. ಎರಡೂ ಮೊದಲೇ ಬರೆದಿಟ್ಟ ಯೋಜನೆಯಲ್ಲ. ಆದರೆ ರುಚಿ, ಶುಚಿ ಬಿಡುವುದಿಲ್ಲ ಎಂಬ ಒಂದು ಗಟ್ಟಿ ತೀರ್ಮಾನ ಎರಡರ ಕೆಳಗೂ ಇತ್ತು.

ನಿಮಗೂ ಒಂದು ಪುಟ ಸಾಕು. ಯಾರಿಗೆ ಏನನ್ನು ಮಾರುತ್ತೇವೆ, ಏನನ್ನು ಮಾರುವುದಿಲ್ಲ, ನಮ್ಮ ಮೂರು ಮುಖ್ಯ ಊಹೆಗಳು ಯಾವುವು, ಅವು ಸುಳ್ಳೆಂದು ಯಾವ ಅಂಕಿ ನೋಡಿ ಒಪ್ಪಿಕೊಳ್ಳುತ್ತೇವೆ, ಎಷ್ಟು ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಲು ಸಿದ್ಧರಿಲ್ಲ. ಇದನ್ನು ಮತ್ತೆ ತೆರೆಯುವ ತಾರೀಖನ್ನು ನಿಮ್ಮ ಕಸುಬಿನ ಕಾಲಕ್ಕೆ ತಕ್ಕಂತೆ ಇಟ್ಟುಕೊಳ್ಳಿ: ಅರಿಶಿನದವರು ಏಪ್ರಿಲ್ ಕೊನೆಗೆ, ಹೂವಿನ ಸೀಸನ್ ನಂಬಿದವರು ಓಣಂ ಮುಗಿದ ವಾರ, ತರಕಾರಿಯವರು ಪ್ರತಿ ಬೆಳೆ ಆದಮೇಲೆ. ಮಧ್ಯದಲ್ಲಿ ರಸ್ತೆ ಮುಚ್ಚಿತು, ಬೆಲೆ ಬಿತ್ತು ಎಂದಾದರೆ ತಾರೀಖಿಗೆ ಕಾಯದೆ ತೆರೆಯಿರಿ. ಪುಟ ಬರೆಯುವಾಗ ದುಡ್ಡು ಹಾಕುವವರು, ದುಡಿಯುವವರು, ನಷ್ಟವಾದರೆ ಹೊರುವವರು ಮೂವರೂ ಎದುರಿಗಿರಲಿ. ವಿಧಾನ ಯಾವುದೇ ಆಗಲಿ, ಈ ಮೂವರಲ್ಲಿ ಒಬ್ಬರು ಇಲ್ಲದೆ ಮಾಡಿದ ತೀರ್ಮಾನ ಮೊದಲ ಕೆಟ್ಟ ತಿಂಗಳಲ್ಲೇ ಒಡೆಯುತ್ತದೆ.